ನಲವತ್ತೆರಡನೆಯ ಚುಕ್ಕೆ

ಯಾದಗಿರಿ
೩೦ ನವೆಂಬರ್ ೨೦೨೫, ಭಾನುವಾರ

ಶಹಾಪುರದ ದವಾಖಾನೆಯ ಹೆಂಗಸರ ವಾರ್ಡಿನಲ್ಲಿ ನೆರೆದಿರುವ ಮಹಾಜನಗಳೇ! ಬೆಡ್ ನಂಬರ್ ಏಳರ ಮೇಲೆ ಕಾಲನ್ನು ದಿಂಬಿಗೇರಿಸಿ ಅಧ್ಯಕ್ಷತೆ ವಹಿಸಿರುವ ಸನ್ಮಾನ್ಯ ದೇವಕಮ್ಮನವರೇ! ಅವರ ಬಲಕ್ಕೆ ಠೀವಿಯಿಂದ ನಿಂತಿರುವ ಸಲಾಯಿನ್ ಕಂಬದವರೇ, ಎಡಕ್ಕೆ ಮೌನವಾಗಿ ಕುಳಿತಿರುವ ನೀರಿನ ತಂಬಿಗೆಯವರೇ, ಬೆಡ್ ನಂಬರ್ ಎಂಟರಿಂದ ಈಗಾಗಲೇ ಕಿವಿ ಚಾಚಿರುವ ಹಿರಿಯ ತಾಯಿಯವರೇ! ಅಲ್ಪಮತಿಯಾದ ನಾನು, ಬಿ.ಎ., ಎರಡನೆಯ ದರ್ಜೆ, ಕನ್ನಡ ಮಾಧ್ಯಮ, ‘ನನ್ನ ಕೆಲಸ’ ಎಂಬ ವಿಷಯವಾಗಿ ಎರಡು ಮಾತು ಆಡಲು ತಮ್ಮ ಮುಂದೆ ನಿಂತಿದ್ದೇನೆ. ಚಪ್ಪಾಳೆಯನ್ನು ದಯವಿಟ್ಟು ಕೈಯಿಂದಷ್ಟೇ ಹೊಡೆಯಿರಿ. ಸೊಂಟ ಅಲುಗಬಾರದೆಂದು ಡಾಕ್ಟರು ಹೇಳಿದ್ದಾರೆ.

ಅಕ್ಕಾ, ತಮ್ಮ ಅಯ್ಯಪ್ಪನ ಶರಣು. ಜೈ ಭೀಮ್.

ಭಾಷಣ ಹೇಗಿತ್ತು? ಅವ್ವ ತೀರಿಕೊಂಡ ವರ್ಷ ನೀನು ನನ್ನನ್ನು ಬಳಿಚಕ್ರದಿಂದ ಸುರಪುರಕ್ಕೆ ಕರೆತಂದೆ. ಆಗ ನಾನು ಹೊಸ ಸಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿಯ ರಂಗಂಪೇಟೆಯ ನಿನ್ನ ಮನೆಯ ಅಂಗಳದಲ್ಲಿ ಬುಟ್ಟಿ ಡಬ್ಬು ಹಾಕಿ, ಅದರ ಮೇಲೆ ನನ್ನನ್ನು ನಿಲ್ಲಿಸಿ, “ನಡಗಬ್ಯಾಡ. ಎದುರಿಗಿ ಸಾವಿರ ಮಂದಿ ಕುಂತಾರ ಅಂತ ತಿಳಕೊ” ಎನ್ನುತ್ತಿದ್ದೆ. ಕುಂತಿರುತ್ತಿದ್ದವರು ನೀನು ಮತ್ತು ಪಕ್ಕದ ಮನೆಯ ಆಡು. ಆಡು ನಡುವೆಯೇ ಎದ್ದು ಹೋಗುತ್ತಿತ್ತು. ನೀನು ಕೊನೆಯವರೆಗೂ ಕುಳಿತು ಚಪ್ಪಾಳೆ ಹೊಡೆಯುತ್ತಿದ್ದೆ. ಆ ಬುಟ್ಟಿಯಿಂದ ಇಳಿದು ಮೂವತ್ತು ವರ್ಷವಾಯಿತು. ಈಗಲೂ ನೇರವಾಗಿ ಹೇಳಬೇಕಾದ ಮಾತು ಎದುರಾದರೆ ನಾನು ಮೊದಲು ಮಹಾಜನಗಳನ್ನೇ ಕರೆಯುತ್ತೇನೆ. ಈ ರೋಗ ಹಚ್ಚಿದವಳು ನೀನೇ, ಆದ್ದರಿಂದ ಸಹಿಸಿಕೋ.

ಪತ್ರ ತಡವಾಯಿತು, ಕ್ಷಮಿಸು. ಹದಿನಾರನೆಯ ತಾರೀಖು ನಾನು ಬಂದಾಗ ನೀನು ಕೇಳಿದ್ದು ಇದು: “ಮಲಕೊಂಡು ಮಲಕೊಂಡು ಫ್ಯಾನಿನ ರೆಕ್ಕಿ ಎಣಸೂದಾತು. ಎಷ್ಟು ಸಲ ಎಣಿಸಿದ್ರೂ ಮೂರ. ನೀ ಬಂದ್ರ ಬರೇ ನಗಸ್ತಿ, ನಕ್ಕರ ಹೊಲಿಗಿ ಜಗ್ತದ. ಅದಕ್ಕ ಒಂದು ಪತ್ರ ಬರಿ, ಸಾವಕಾಶ ಓದ್ತೀನಿ. ನೀ ದಿನಾ ಏನು ಕೆಲಸ ಮಾಡ್ತಿ ಅಂತ ಬರಿ. ನರ್ಸಬಾಯಿ ಕೇಳಿದ್ರ ‘ಕಂಪ್ಯೂಟರ್ ಕಾಯ್ತಾನ’ ಅಂತ ಹೇಳೀನಿ. ಎಮ್ಮಿ ಕಾಯ್ದಂಗ ಕೇಳಸ್ತದ.”

ಹದಿನಾಲ್ಕು ದಿನವಾಯಿತು. ಆರು ಸಲ ಬರೆಯಲು ಕುಳಿತೆ. ಐದು ಸಲ ಪ್ರಾಸ ಹೊಂದಲಿಲ್ಲವೆಂದು ಹರಿದೆ. ಆರನೆಯ ಸಲ ಪ್ರಾಸ ಚೆನ್ನಾಗಿ ಹೊಂದಿತು, ಅದಕ್ಕೇ ಹರಿದೆ. ಇದು ಏಳನೆಯದು. ನಾಳೆ ಪರಿಮಳಾ ಬುತ್ತಿಯ ಜೊತೆ ತಂದು ಕೊಡುತ್ತಾಳೆ. ಇವತ್ತು ಭಾನುವಾರವಾದರೂ ನಾನು ಬರಲಿಲ್ಲ. ಆಫೀಸಿನಲ್ಲಿ ಕೆಲಸವಿತ್ತು ಎಂದು ತಿಳಿ.

ಮೊದಲು ಮನೆಯ ಸುದ್ದಿ. ನನ್ನನ್ನು ಇಪ್ಪತ್ತು ವರ್ಷದಿಂದ ಸಂಬಳವಿಲ್ಲದೆ ಸಂಭಾಳಿಸುತ್ತಿರುವ ನನ್ನ ಹೆಂಡತಿ ಪರಿಮಳಾ ಮುಂದಿನ ಕೋಣೆಯನ್ನು ಖಾಲಿ ಮಾಡಿಸಿದ್ದಾಳೆ. ಮಂಚ ಕಿಟಕಿಯ ಕಡೆಗೆ ಬಂದಿದೆ. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಹಿಡಿ ಬಡಿಸಿದ್ದಾಳೆ. “ಅಕ್ಕ ಬರ್ತೀನಿ ಅಂತ ಎಲ್ಲಿ ಹೇಳ್ಯಾಳ?” ಎಂದರೆ, “ಹಿಡಿ ಇದ್ರ ಗೋಡಿ ಏನು ಒಲ್ಲೆ ಅಂತದೇನ್ರಿ?” ಎಂದಳು. ನಿನ್ನೆ ಅದನ್ನು ತಾನೇ ಹಿಡಿದು ಜಗ್ಗಿ ನೋಡಿ, ಮೇಸ್ತ್ರಿಯನ್ನು ಮತ್ತೆ ಕರೆಸಿ ಇನ್ನೆರಡು ಮೊಳೆ ಹೊಡೆಸಿದಳು.

ಬುಧವಾರ ನಿನ್ನನ್ನು ಮನೆಗೆ ಬಿಡುತ್ತಾರೆ. ಯಾವ ಮನೆಗೆ ಎಂಬುದೇ ಈಗ ಉಳಿದಿರುವ ಒಂದೇ ಮಾತು. ಎರಡು ತಿಂಗಳು ಒಬ್ಬರೇ ಇರಕೂಡದು, ಇನ್ನೊಮ್ಮೆ ಬಿದ್ದರೆ ಎಲುಬಿಗೆ ಹಾಕಿದ ಈ ರಾಡು ಸಹ ಕೆಲಸಕ್ಕೆ ಬಾರದು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಪರಿಮಳಾ ಯಾದಗಿರಿಗೇ ಬರಲಿ ಎನ್ನುತ್ತಾಳೆ. ನೀನು ರಂಗಂಪೇಟೆಯ ನಿನ್ನ ಮನೆ, ನಿನ್ನ ಅಂಗನವಾಡಿ, ಒಬ್ಬಳೇ ಎನ್ನುತ್ತೀ. ಕಾರಣ ಕೇಳಿದರೆ ನನ್ನ ಕಡೆ ಬೆರಳು ಮಾಡುತ್ತೀ: “ದಿನಾ ಮುಂಜಾನಿ ತಮ್ಮನ ರಿಂಗ್ ಬರ್ತದ. ಮತ್ತೇನು ಬೇಕು ನನಗ?”

ಬೆಡ್ ನಂಬರ್ ಎಂಟರವರಿಗೂ ತಿಳಿಯಲಿ ಎಂದು ಈ ರಿಂಗಿನ ಪದ್ಧತಿಯನ್ನು ಬರೆಯುತ್ತೇನೆ. ಬೆಳಿಗ್ಗೆ ಆರಕ್ಕೆ ನೀನು ಒಂದು ರಿಂಗ್ ಕೊಟ್ಟು ಕತ್ತರಿಸುತ್ತೀ. ಎದ್ದೆ, ಆರಾಮ ಇದ್ದೇನೆ ಎಂದರ್ಥ. ಆರು ಹತ್ತಕ್ಕೆ ನನ್ನಿಂದ ಒಂದು ರಿಂಗ್. ನಾನೂ ಎದ್ದೆ, ನಿನ್ನದು ಮುಟ್ಟಿತು ಎಂದರ್ಥ. ಯಾರೂ ಎತ್ತುವುದಿಲ್ಲ. ಮಾತಿಗೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಶುರುವಾದದ್ದು, ಮಾತು ಪುಕ್ಕಟೆಯಾದ ಮೇಲೂ ನಿಲ್ಲಲಿಲ್ಲ. “ಎತ್ತಿದ್ರ ಮಾತಾಡಬೇಕಾಗ್ತದ. ಮುಂಜಾನಿ ನನಗ ಭಾಳ ಕೆಲಸ” ಎನ್ನುವವಳು ನೀನು. ಮಾತಾಡಬೇಕೆನಿಸಿದರೆ ಸಂಜೆ ಪರಿಮಳಾಳ ಫೋನಿಗೆ ಹಚ್ಚುತ್ತೀ, ಮುಕ್ಕಾಲು ಮಾತು ಅವಳಿಗೆ, ಉಳಿದದ್ದು ನನಗೆ.

ಈಗ ವಿಷಯಕ್ಕೆ ಬರುತ್ತೇನೆ. ನರ್ಸಬಾಯಿಗೆ ನೀನು ಹೇಳಿದ್ದು ತಪ್ಪಲ್ಲ. ನಾನು ಕಾಯುವವನೇ.

ಸ್ಟೇಷನ್ ರಸ್ತೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ನಮ್ಮ ‘ಎರಡು ನದಿ ರೈತ ಸೇವಾ ಒಕ್ಕೂಟ’ ಇದೆಯಲ್ಲ, ಅಲ್ಲೊಂದು ಸಣ್ಣ ತಣ್ಣನೆಯ ಕೋಣೆ. ಅದರಲ್ಲಿ ಮೂರು ಸರ್ವರುಗಳು. ಮಳೆ ಎಷ್ಟು ಬಿತ್ತು, ಕಾಲುವೆಯ ಗೇಟು ಯಾವಾಗ ತೆಗೆಯುತ್ತಾರೆ, ಬೀಜ ಎಲ್ಲಿದೆ, ಟ್ರ್ಯಾಕ್ಟರ್ ಯಾರ ಪಾಳಿ, ಮಣ್ಣಿನ ಪರೀಕ್ಷೆ ಏನಾಯಿತು ಎಂದು ರೈತರು ಫೋನಿನಲ್ಲಿ ತೆರೆದು ನೋಡುವ ಪುಟಗಳೆಲ್ಲ ಇರುವುದು ಅವುಗಳ ಹೊಟ್ಟೆಯಲ್ಲಿ. ಒಟ್ಟು ನಲವತ್ತೊಂದು ಪುಟ. ನನ್ನ ಪರದೆಯ ಮೇಲೆ ಪುಟಕ್ಕೊಂದು ಚುಕ್ಕೆ. ಐದೈದು ನಿಮಿಷಕ್ಕೆ ಒಂದು ಪ್ರೋಗ್ರಾಮು ಪ್ರತಿಯೊಂದನ್ನೂ ತಟ್ಟಿ “ಇದ್ದೀಯಾ?” ಎಂದು ಕೇಳುತ್ತದೆ. “ಇದ್ದೇನೆ” ಎಂದರೆ ಚುಕ್ಕೆ ಹಸಿರು. ಮೂರು ಸಲ ಕೇಳಿದರೂ ಉತ್ತರವಿಲ್ಲದಿದ್ದರೆ ಕೆಂಪು. ಇದರ ಮೇಲೆ ನಾನು ಕಟ್ಟಿದ ಎರಡು ಸಾಲನ್ನು ಗೋಡೆಗೆ ಅಂಟಿಸಿದ್ದೇನೆ:

ಹಸಿರು ಕಂಡರೆ ಚಹಾ ಬಸಿ,
ಕೆಂಪು ಕಂಡರೆ ತಲೆ ಬಿಸಿ.

ನಾನು ಇಲ್ಲಿಗೆ ಬಂದದ್ದು ಕನ್ನಡ ಟೈಪಿಂಗಿಗೆ. ಮೊದಲಿದ್ದ ಇಂಜಿನಿಯರು ಹುಬ್ಬಳ್ಳಿಗೆ ಹೋಗುವಾಗ “ಎರಡು ದಿನ ನೋಡ್ಕೋರಿ ಅಯ್ಯಪ್ಪಾರ” ಎಂದು ಕೀಲಿಕೈ ಕೊಟ್ಟವನು ಒಂಬತ್ತು ವರ್ಷವಾದರೂ ತಿರುಗಿ ಬಂದಿಲ್ಲ. ಇಂಗ್ಲಿಷಿನಲ್ಲಿದ್ದುದನ್ನೆಲ್ಲ ನಿಘಂಟು ತೊಡೆಯ ಮೇಲೆ ಇಟ್ಟುಕೊಂಡು ಕಲಿತೆ. ಈಗ ಜೊತೆಗೆ ತೌಫೀಕ್ ಇದ್ದಾನೆ, ಹೋದ ವಾರ ನಿನ್ನನ್ನು ನೋಡಲು ಖರ್ಜೂರ ತಂದಿದ್ದನಲ್ಲ, ಅವನೇ.

ನನ್ನ ಮೇಜಿನ ಮೇಲೆ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಕಪ್ಪು ಡಬ್ಬಿ ಇದೆ. ಒಳಗೊಂದು ಸಿಮ್ ಕಾರ್ಡು. ಯಾವ ಚುಕ್ಕೆ ಕೆಂಪಾದರೂ ಅದು ನನ್ನ ಫೋನಿಗೆ ರಿಂಗ್ ಕೊಡುತ್ತದೆ. ಅದಕ್ಕೆ ಮಾತು ಬಾರದು. ಬಂದ ಫೋನನ್ನು ಎತ್ತಲೂ ಬಾರದು. ಯಾರಾದರೂ ಅದರ ನಂಬರಿಗೆ ಹಚ್ಚಿದರೆ ನೀಲಿ ದೀಪ ಮಿಟುಕಿಸಿ, ನಂಬರನ್ನು ಬರೆದಿಟ್ಟುಕೊಂಡು ಸುಮ್ಮನಾಗುತ್ತದೆ. ತೌಫೀಕ್ ಅದಕ್ಕೆ ‘ಮೂಕ ಮಾಮಾ’ ಎಂದು ಹೆಸರಿಟ್ಟಿದ್ದಾನೆ. ಬೆಳಿಗ್ಗೆ ಬಂದವನೇ ಅದಕ್ಕೆ ಸಲಾಂ ಹೊಡೆಯುತ್ತಾನೆ. ನನಗೆ ಹೊಡೆಯುವುದಿಲ್ಲ.

ಇನ್ನೊಂದು ಕೆಲಸ, ಸೂಜಿ. ಇದು ನಿನಗೆ ನನಗಿಂತ ಚೆನ್ನಾಗಿ ತಿಳಿದೀತು. ಸರ್ವರಿನ ಒಳಗೆ ಕಾವಲಿನ ತಂತ್ರಾಂಶ ಇರುತ್ತದೆ, ಕಳ್ಳರನ್ನು ಗುರುತು ಹಿಡಿಯುವಂಥದ್ದು. ಕಳ್ಳರು ದಿನಕ್ಕೊಂದು ಹೊಸ ವೇಷ ಹಾಕುತ್ತಾರೆ. ಆದ್ದರಿಂದ ಕಾವಲಿಗೂ ಹೊಸ ವಿದ್ಯೆ ಕಲಿಸುತ್ತಲೇ ಇರಬೇಕು. ನಮ್ಮ ಒಕ್ಕೂಟದ ಕಾರ್ಯದರ್ಶಿ ಪ್ರವೀಣಕುಮಾರ ಅವರು ಪ್ರತಿ ತಿಂಗಳೂ ತಪ್ಪದೆ ಕೇಳುತ್ತಾರೆ: “ಹ್ವಾದ ತಿಂಗಳ ಮಾಡಿದ್ರಲ್ಲ, ಮತ್ತ್ಯಾಕ್ರಿ?” ನಿನ್ನ ಅಂಗನವಾಡಿಯಲ್ಲಿ ಲಸಿಕೆಯ ದಿನ ತಾಯಂದಿರು ಕೇಳುವುದೂ ಇದನ್ನೇ. ನೀನು ಕೊಡುವ ಉತ್ತರವನ್ನೇ ನಾನೂ ಕೊಡುತ್ತೇನೆ: “ಕೂಸು ಅದೇ ಇರ್ತದ್ರಿ, ರೋಗ ಹೊಸಾವು ಬರ್ತಾವ.” ಅವರು ತಲೆಯಾಡಿಸಿ ಸಹಿ ಹಾಕುತ್ತಾರೆ.

ತಿಂಗಳ ಎರಡನೆಯ ಬುಧವಾರ ಸೂಜಿಯ ದಿನ. ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ. ಆ ಹೊತ್ತಿನಲ್ಲಿ ರೈತರು ಹೊಲದಲ್ಲಿರುತ್ತಾರೆ, ಫೋನು ನೋಡುವುದು ಬುತ್ತಿ ಬಿಚ್ಚಿದ ಮೇಲೆ. ಸೂಜಿ ಬಿದ್ದ ಕೂಡಲೇ ಕೂಸಿಗೆ ಜ್ವರ ಬರುವಂತೆ ಸರ್ವರುಗಳೂ ಒಂದೊಂದಾಗಿ ಮಲಗಿ ಏಳುತ್ತವೆ. ಚುಕ್ಕೆಗಳೆಲ್ಲ ಕೆಂಪಾಗುತ್ತವೆ. ಹಾಗೇ ಬಿಟ್ಟರೆ ಮೂಕ ಮಾಮಾ ನನ್ನ ಫೋನನ್ನು ಬಡಿದು ಬಡಿದು ಸುಸ್ತಾಗುತ್ತಾನೆ. ಆದ್ದರಿಂದ ಸೂಜಿಗೆ ಮೊದಲು ಒಂದು ಗುಂಡಿ ಒತ್ತಿ ಎಲ್ಲ ಎಚ್ಚರಿಕೆಗಳ ಬಾಯಿ ಮುಚ್ಚಿಸುತ್ತೇವೆ. ಕೆಲಸ ಮುಗಿದ ಮೇಲೆ ಮೌನ ತೆಗೆಯುತ್ತೇವೆ. ಎಲ್ಲ ಕಡೆಯೂ ಇದೇ ಪದ್ಧತಿ. 

ಇನ್ನು ನಿನಗೆ ಹೆಮ್ಮೆಯಾಗುವ ಒಂದು ಮಾತು. ಇದನ್ನು ನಾನು ನಿನಗೆ ಯಾವತ್ತೂ ಹೇಳಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ರಾಮಸಮುದ್ರದ ಅಯ್ಯಣ್ಣ ಎಂಬ ರೈತ ನಮ್ಮ ಮೆಟ್ಟಿಲು ಹತ್ತಿ ಬಂದ. ತಲೆಯಿಂದ ಕಾಲಿನವರೆಗೆ ತೊಯ್ದಿದ್ದ. ಬಾಗಿಲಲ್ಲೇ ನಿಂತು, “ಸರ, ನಿಮ್ಮ ಫೋನಿನ್ಯಾಗ ನಮ್ಮೂರಿಗಿ ಎಂಟು ದಿನದಿಂದ ಮಳಿ ಇಲ್ಲ ಅಂತ ಬರಾಕತ್ತದ. ನನ್ನ ಧೋತರ ಹಿಂಡಿ ತೋರಸ್ಲೇನ್ರಿ?” ಎಂದ.

ನಾನು ಪರದೆ ತೋರಿಸಿದೆ. “ಚುಕ್ಕಿ ಹಸಿರೇ ಅದ ನೋಡಪ್ಪಾ.”

“ನಿಮ್ಮ ಚುಕ್ಕಿ ಹಸಿರಿರಬಹುದ್ರಿ. ನನ್ನ ಹತ್ತಿ ಕರ್ರಗ ಆಗಾಕತ್ತಾದ.”

ತೌಫೀಕ್ ಮುಖ ಆಚೆ ತಿರುಗಿಸಿ ನಕ್ಕ. ಹುಡುಕಿದಾಗ ತಿಳಿಯಿತು. ಪುಟ ತೆರೆಯುತ್ತಿತ್ತು, ಆದರೆ ಹಿಂದೆ ಮಳೆಯ ಅಳತೆ ತಂದು ಕೊಡುವ ಭಾಗ ಎಂಟು ದಿನದ ಹಿಂದೆಯೇ ಸತ್ತಿತ್ತು. ಹಳೆಯ ಅಂಕಿಯನ್ನೇ ಮುಂದಿಟ್ಟುಕೊಂಡು ಪುಟ ಬಾಗಿಲಲ್ಲಿ ಕುಳಿತಿತ್ತು. ನಾವು “ಇದ್ದೀಯಾ?” ಎಂದೆವು, ಅದು “ಇದ್ದೇನೆ” ಎಂದಿತು. ಅದು ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದೇ ಅಷ್ಟು.

ಆವತ್ತು ಮನೆಗೆ ನಡೆದು ಬರುವಾಗ ನಿನ್ನ ಹಾಜರಿ ನೆನಪಾಯಿತು. ನಿನ್ನ ಅಂಗನವಾಡಿಯಲ್ಲಿ ಮಕ್ಕಳು ಹೆಸರು ಕರೆದಾಗ “ಹಾಜರ್” ಎನ್ನುವಂತಿಲ್ಲ. ಬಾರದ ಅಣ್ಣನ ಹಾಜರಿಯನ್ನು ಬಂದ ತಂಗಿಯೇ ಕೂಗಿಬಿಡುತ್ತಾಳೆ ಎಂದು ನೀನು ಆ ಪದ್ಧತಿಯನ್ನೇ ಕಿತ್ತೆಸೆದೆ. ಹೆಸರು ಕರೆದು ಒಬ್ಬೊಬ್ಬರನ್ನೂ “ಇವತ್ತ ಏನು ಉಂಡು ಬಂದಿ?” ಎಂದು ಕೇಳುತ್ತೀ. ಅದನ್ನು ಇನ್ನೊಬ್ಬರ ಪರವಾಗಿ ಹೇಳಲಾಗದು. ರೊಟ್ಟಿ ಬ್ಯಾಳಿ ಎಂದವರು ಕೂಡುತ್ತಾರೆ. “ಏನೂ ಇಲ್ರಿ ಟೀಚರ” ಎಂದ ಕೂಸಿಗೆ ಬೇಯಿಸಿದ ಮೊದಲ ತತ್ತಿ. ನೀನು ಹೆಸರು ಕರೆಯುವುದು ಆ ಕೂಸನ್ನು ಹುಡುಕಲಿಕ್ಕೆ.

ಮರುದಿನ ನಮ್ಮ ಪ್ರೋಗ್ರಾಮಿನ ಪ್ರಶ್ನೆಯನ್ನು ಬದಲಿಸಿದೆ. ಈಗ ಅದು ಪ್ರತಿ ಪುಟವನ್ನೂ “ಕೊನೆಯ ಅಂಕಿ ಯಾವಾಗ ಬಂತು, ಎಷ್ಟು?” ಎಂದು ಕೇಳುತ್ತದೆ. ಉಂಡಿದ್ದರೆ ಮಾತ್ರ ಹಸಿರು. ಪ್ರವೀಣಕುಮಾರ ಅವರು ಸಭೆಯಲ್ಲಿ ಹೊಗಳಿ, ಈ ವಿಧಾನದ ಹೆಸರೇನು ಎಂದರು. ‘ಅಕ್ಕನ ಹಾಜರಿ’ ಎಂದೆ. ನಡಾವಳಿಯಲ್ಲಿ ಹಾಗೇ ಬರೆದಿದ್ದಾರೆ. ಯಾದಗಿರಿಯ ನಲವತ್ತೊಂದು ಪುಟಗಳು ನಿನ್ನ ಪ್ರಶ್ನೆಗೆ ದಿನವಿಡೀ ಉತ್ತರ ಕೊಡುತ್ತಿವೆ ಎಂದು ನರ್ಸಬಾಯಿಗೆ ಹೇಳು.

ನಲವತ್ತೊಂದೇ. “ಆ ತೌಫೀಕ್ ನಲವತ್ತೆರಡು ಚುಕ್ಕಿ ಅಂದ, ನೀ ನಲವತ್ತೊಂದು ಅಂತಿ” ಎಂದು ನೀನು ಹೋದ ವಾರ ಹಿಡಿದುಕೊಂಡೆಯಲ್ಲ. ಅವನಿಗೆ ಲೆಕ್ಕ ಬರುವುದಿಲ್ಲ ಅಕ್ಕಾ. ಬಿ.ಕಾಂ. ಮಾಡಿದ್ದಾನೆ.

ಹೋದ ವಾರ ಎಂದಾಗ ಆ ಭಾನುವಾರ ನೆನಪಾಯಿತು. ಬೆಡ್ ನಂಬರ್ ಎಂಟರ ಮುದುಕಿ ಹೊಸದಾಗಿ ಬಂದಿದ್ದಳು, ಹೇಗೆ ಬಿದ್ದಿ ಎಂದು ಕೇಳಿದಳು. ನಾನು ಸ್ಟೂಲಿನ ಮೇಲೆ ಮೋಸಂಬಿ ಸುಲಿಯುತ್ತಾ ಕುಳಿತಿದ್ದೆ. ನೀನು ಶುರು ಮಾಡಿದೆ. ಆ ಮಾತು ಈ ಎಂಟು ದಿನ ನನ್ನ ಕಿವಿಯಲ್ಲಿ ಹಾಗೇ ಇದೆ, ಒಂದಕ್ಷರ ಬಿಡದೆ ಬರೆಯಬಲ್ಲೆ.

“ಹನ್ನೆರಡನೇ ತಾರೀಖು ಬುಧವಾರ ನೋಡವ್ವಾ. ಇನ್ನಾ ಆರು ಹೊಡದಿದ್ದಿಲ್ಲ. ಬಚ್ಚಲದಾಗ ಕಾಲು ಜಾರ್ತು, ಟಕ್ ಅಂತು. ಏಳಾಕ ಹೋದ್ರ ಕಾಲು ನಂದಲ್ಲ ಅನಸ್ತು. ಫೋನು ಒಳಗ ಗೋಡಿ ಮಾಡದಾಗ ಇತ್ತು. ಮೊದಲ ನಾಚಿಗಿ ಬಂತು, ಆಮ್ಯಾಲ ಅಂಜಿಕಿ ಬಂತು. ಪಕ್ಕದ ಮನಿ ಬಾಲಪ್ಪನ್ನ ಒದರಬೇಕಂತ ಬಾಯಿ ತಗದೆ. ಅಷ್ಟರಾಗ ರಿಂಗ್ ಆತು. ಒಂದ ರಿಂಗ್. ನಮ್ಮ ತಮ್ಮಂದು. ತಗದ ಬಾಯಿ ಮುಚ್ಚಿಬಿಟ್ಟೆ. ಯಾಕಂದ್ರ ಆರಕ್ಕ ನನ್ನ ರಿಂಗ್ ಹೋಗಿಲ್ಲ, ಅವಗ ಅದು ತಿಳದೇ ತಿಳೀತದ, ಅವ ಬಂದೇ ಬರ್ತಾನ. ಹಸಿ ಸೀರ್ಯಾಗ ಬಿದ್ದಾಕಿ ಪರಗಂಡಸನ್ನ ಯಾಕ ಒದರಲಿ? ನಮ್ಮ ಹುಡುಗರ ಹಾಡು ಹಾಡ್ಕೋತ ಬಿದ್ದಿದ್ದೆ.”

ಮುದುಕಿ ಯಾವ ಹಾಡು ಎಂದಳು. ನೀನು ಮಲಗಿದ್ದಲ್ಲೇ ಹಾಡಿ ತೋರಿಸಿದೆ:

ಕಾಗಿ ಕಾಗಿ ಕೈ ತೊಳಕೊ,
ಗುಬ್ಬಿ ಗುಬ್ಬಿ ಬಾಯಿ ತೊಳಕೊ,
ಉಣ್ಣಾಕ ಬಂದೋರು ಜಾಗಾ ಹಿಡಕೊ.

ಆ ಸಾಲುಗಳನ್ನು ನೀನು ಕಟ್ಟುವಾಗ ನಾನು ಹತ್ತನೆಯ ಇಯತ್ತೆ ಓದುತ್ತಿದ್ದೆ. ‘ಜಾಗಾ ಹಿಡಕೊ’ ನಾನು ಹೊಂದಿಸಿ ಕೊಟ್ಟದ್ದು.

ಆಮೇಲೆ ನೀನು ಮುಂದುವರಿಸಿದೆ. ಒಂಬತ್ತೂವರೆಯಾದರೂ ಅಂಗನವಾಡಿಯ ಕೀಲಿ ಬರಲಿಲ್ಲವೆಂದು ನಿನ್ನ ಸಹಾಯಕಿ ಹಣಮಂತಮ್ಮ ಮನೆಗೆ ಬಂದದ್ದು, ಕದ ಒಳಗಿನಿಂದ ಹಾಕಿದ್ದರಿಂದ ಬಾಲಪ್ಪನೇ ಕೊನೆಗೆ ಗೋಡೆ ಹಾರಿದ್ದು, ಟಂಟಂ ಗಾಡಿಯಲ್ಲಿ ಶಹಾಪುರಕ್ಕೆ ತಂದದ್ದು. ಮುದುಕಿ “ನಾಕು ತಾಸು ಒಬ್ಬಾಕಿನ ಬಿದ್ದಿದ್ದೇನವ್ವಾ!” ಎಂದು ಬಾಯಿಗೆ ಕೈ ಇಟ್ಟುಕೊಂಡಳು.

“ಒಬ್ಬಾಕಿ ಎಲ್ಲಿ? ರಿಂಗ್ ಬಂದಿತ್ತಲ್ಲ” ಎಂದೆ ನೀನು.

“ಇಂಥಾ ತಮ್ಮನ್ನ ಪಡೀಬೇಕಾದ್ರ ಪುಣ್ಯ ಮಾಡಿರಬೇಕು ಬಿಡವ್ವಾ.”

ಇಡೀ ವಾರ್ಡು ನನ್ನ ಕಡೆ ತಿರುಗಿತು. ನಾನು ಮೋಸಂಬಿಯ ಕಡೆ ತಿರುಗಿದೆ. ಅದರ ಬಿಳಿ ನಾರನ್ನು ಎಳೆ ಎಳೆಯಾಗಿ ಬಿಡಿಸಿದೆ, ಆಮೇಲೆ ಬೀಜ ತೆಗೆದೆ, ಆಮೇಲೆ ಬೀಜವನ್ನೂ ಒರೆಸಿದೆ.

ಆ ಬುಧವಾರ ನಾನು ದವಾಖಾನೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ನೀನು ಸ್ಟ್ರೆಚರಿನ ಮೇಲೆ ಇದ್ದೆ. ಮುಖ ಬಿಳಿಚಿತ್ತು. ನನ್ನನ್ನು ನೋಡಿ ನಕ್ಕೆ. “ಗೊತ್ತಿತ್ತು ನನಗ, ಬರ್ತಿ ಅಂತ. ಬಸ್ ಸಿಗಲಿಲ್ಲ, ಹೌದಿಲ್ಲೊ?” ಎಂದೆ. ನಾನು ಹೂಂ ಎಂದೆ. ಹಣಮಂತಮ್ಮ ಅಳುತ್ತಾ, “ಹನ್ನೊಂದು ಸಲ ಹಚ್ಚೀನ್ರಿ ಅಣ್ಣಾರ, ನೀವು ಎತ್ತಲೇ ಇಲ್ರಿ” ಎಂದಳು. ಅದಕ್ಕೂ ನೀನೇ ಉತ್ತರ ಕೊಟ್ಟೆ: “ಬಸ್ಸಿನ್ಯಾಗ ಗದ್ದಲ ಇರ್ತದ ಹುಚ್ಚಿ, ಕೇಳಿರಾಕಿಲ್ಲ.” ಅದಕ್ಕೂ ನಾನು ಹೂಂ ಎಂದೆ.

ಇರಲಿ. ಬುಧವಾರ ಹತ್ತು ಗಂಟೆಗೆ ನಾನೇ ಗಾಡಿ ತರುತ್ತೇನೆ. ಹಿಂದಿನ ಸೀಟಿನ ಮೇಲೆ ಗಾದಿ ಹಾಸಿರುತ್ತೇನೆ. ದವಾಖಾನೆಯ ಗೇಟಿನಲ್ಲಿ ಒಂದು ಕಡೆ ಯಾದಗಿರಿ, ಇನ್ನೊಂದು ಕಡೆ ಸುರಪುರ. ನೀನು ಹೇಳಿದ ಕಡೆಗೆ ತಿರುಗಿಸುತ್ತೇನೆ. ಹೇಳುವ ಮೊದಲು ಈ ಪತ್ರವನ್ನು ಪೂರ್ತಿ ಓದಿರು ಎಂಬುದಷ್ಟೇ ನನ್ನ ಬೇಡಿಕೆ. ಪರಿಮಳಾ ಬುತ್ತಿಯ ಜೊತೆ ತಾನೇ ಕುಟ್ಟಿದ ಒಂದು ಡಬ್ಬಿ ಖಾರದ ಹಿಂಡಿ ತರುತ್ತಿದ್ದಾಳೆ, ಅದರ ಮೇಲೆ ನನ್ನ ಚೀಟಿ:

ನಡಿಗೆ ಇರಲಿ ಎತ್ತಿನ ಬಂಡಿ,
ರೊಟ್ಟಿಗೆ ಇದೆ ಶೇಂಗಾ ಹಿಂಡಿ.

ಹೊಲಿಗೆ ಒಣಗಲಿ, ಎಲುಬು ಕೂಡಲಿ, ನಿನ್ನ ಮಕ್ಕಳು ನಿನ್ನ ಕೋಲನ್ನು ಕುದುರೆ ಮಾಡಿಕೊಂಡು ಓಡುವ ದಿನ ಬೇಗ ಬರಲಿ. ಸಣ್ಣವನು ಹರಸಬಾರದು ಎನ್ನುತ್ತೀ, ಆದರೂ ಹರಸಿದ್ದೇನೆ. ನಿನ್ನ ಕೈ ನನ್ನ ತಲೆಯ ಮೇಲಿರಲಿ ಎಂದು ಕೇಳುವ ಧೈರ್ಯ ಈ ಸಲ ಇಲ್ಲ.

ಇತಿ ನಿನ್ನ ತಮ್ಮ,
ಅಯ್ಯಪ್ಪ

ಮರೆತದ್ದು:

ತೌಫೀಕನಿಗೆ ಲೆಕ್ಕ ಬರುತ್ತದೆ. ಚುಕ್ಕೆಗಳು ನಲವತ್ತೆರಡು. ಕೊನೆಯದರ ಹೆಸರು ‘ಸುರಪುರ ಅಕ್ಕ’.

ಮಹಾಜನಗಳು ಇನ್ನು ಹೊರಡಬಹುದು. ಇಲ್ಲಿಂದ ಮುಂದಿನದನ್ನು ಬೆಡ್ ನಂಬರ್ ಎಂಟಕ್ಕೆ ಓದಿ ಹೇಳಬೇಡ.

ಹೋದ ಡಿಸೆಂಬರಿನ ಚಳಿಯಲ್ಲಿ ಎರಡು ದಿನ ನಾನು ಹೊತ್ತಿಗೆ ಸರಿಯಾಗಿ ಏಳಲಿಲ್ಲ. ರಿಂಗ್ ಬರಲಿಲ್ಲವೆಂದು ನೀನು ಗಾಬರಿಯಾಗಿ ಪರಿಮಳಾಗೆ ಹಚ್ಚಿ ಅತ್ತೆ. ಇನ್ನೊಮ್ಮೆ ಹಾಗಾಗಬಾರದೆಂದು ನನ್ನ ಹಳೆಯ ಸಿಮ್ಮನ್ನು ಮೂಕ ಮಾಮಾನ ಹೊಟ್ಟೆಗೆ ಹಾಕಿದೆ. ನಿನ್ನ ಹತ್ತಿರ, ಹಣಮಂತಮ್ಮನ ಹತ್ತಿರ ಇರುವುದು ಆ ನಂಬರು. ನಾನು ಹೊಸದನ್ನು ತೆಗೆದುಕೊಂಡೆ, ನಿನಗೆ ಹೇಳಲಿಲ್ಲ. ದಿನವೂ ಆರು ಹತ್ತಕ್ಕೆ ಅಕ್ಕನಿಗೆ ಒಂದು ರಿಂಗ್ ಕೊಡು ಎಂದು ಡಬ್ಬಿಗೆ ಬರೆದಿಟ್ಟೆ. ಆರಕ್ಕೆ ಅಕ್ಕನ ರಿಂಗ್ ಬಾರದಿದ್ದರೆ ಚುಕ್ಕೆ ಕೆಂಪು ಮಾಡಿ ನನ್ನನ್ನು ಎಬ್ಬಿಸು ಎಂದೂ ಬರೆದೆ. ಬಲು ಜಾಣತನ ಮಾಡಿದೆ ಎಂದುಕೊಂಡೆ. ಹನ್ನೊಂದು ತಿಂಗಳಲ್ಲಿ ನಾನು ನಿನಗೆ ಒಂದೇ ಒಂದು ರಿಂಗ್ ಕೊಟ್ಟಿಲ್ಲ ಅಕ್ಕಾ.

ಹನ್ನೆರಡನೆಯ ತಾರೀಖು ಸೂಜಿಯ ಬುಧವಾರ. ಐದು ಗಂಟೆಗೆ ಗುಂಡಿ ಒತ್ತಿ ಎಲ್ಲ ಎಚ್ಚರಿಕೆಗಳ ಬಾಯಿ ಮುಚ್ಚಿಸಿದೆ. ಅದರಲ್ಲಿ ನಿನ್ನದೂ ಇತ್ತು. ಅದೊಂದನ್ನು ಬಿಟ್ಟು ಮುಚ್ಚಬೇಕು ಎಂದು ನನಗೆ ಹೊಳೆಯಲಿಲ್ಲ. ಆರು ಹತ್ತರ ರಿಂಗ್ ಮಾತ್ರ ಎಚ್ಚರಿಕೆಯಲ್ಲವಲ್ಲ, ಅದು ಮೌನದ ಪಟ್ಟಿಗೆ ಬರುವುದಿಲ್ಲ. ತನ್ನ ಹೊತ್ತಿಗೆ ಸರಿಯಾಗಿ ಹೋಯಿತು. ನೀನು ಒದರಲು ತೆರೆದ ಬಾಯಿಯನ್ನು ಮುಚ್ಚಿಸಿದ್ದು ಅದು.

ಒಂಬತ್ತೂವರೆಯ ಮೇಲೆ ಡಬ್ಬಿಯ ದೀಪ ಮತ್ತೆ ಮತ್ತೆ ಮಿಟುಕಿತು. ಹಣಮಂತಮ್ಮ ಹಚ್ಚುತ್ತಿದ್ದಳು. ಸೂಜಿಯ ಗಡಿಬಿಡಿ ಇರಬೇಕೆಂದು, ಕಣ್ಣಿಗೆ ಕಿರಿಕಿರಿಯಾಗಿ, ನಾನು ಅದರ ಮೇಲೆ ಟವೆಲ್ ಹಾಕಿದೆ. ಹನ್ನೊಂದೂ ಇಪ್ಪತ್ತಕ್ಕೆ ಮೌನ ತೆಗೆದಾಗ ನಲವತ್ತೊಂದು ಹಸಿರಾದವು, ಒಂದು ಆಗಲಿಲ್ಲ. ಬಾಲಪ್ಪನಿಗೆ ಹಚ್ಚಿ, ಶಹಾಪುರವೆಂದು ತಿಳಿದು ಓಡಿದೆ. ಬಸ್ಸು ನಿಂತೇ ಇತ್ತು ಅಕ್ಕಾ. ಬಸ್ಸಿನ ತಪ್ಪು ಏನೂ ಇಲ್ಲ.

ನಲವತ್ತೊಂದು ಪುಟಗಳನ್ನು ಏನು ಉಂಡಿ ಎಂದು ಕೇಳಲು ಕಲಿಸಿದ ನಾನು ನಿನ್ನನ್ನು ಬರೀ ಇದ್ದೀಯಾ ಎಂದು ಕೇಳಿಸಿದೆ, ಅದನ್ನೂ ಡಬ್ಬಿಯಿಂದ.

ಇವತ್ತು ಆಫೀಸಿನಲ್ಲಿ ಕೆಲಸವಿರಲಿಲ್ಲ. ನಿನ್ನ ಮುಖ ನೋಡಲಾಗದೆ ಬರಲಿಲ್ಲ. ಸಿಮ್ಮನ್ನು ತೆಗೆದು ನನ್ನ ಫೋನಿಗೆ ಹಾಕಿಕೊಂಡಿದ್ದೇನೆ. ಆದರೆ ಆ ರಿಂಗನ್ನು ನಂಬಿ ರಂಗಂಪೇಟೆಗೆ ಹೋಗಬೇಡ. ಎರಡು ತಿಂಗಳು ಯಾದಗಿರಿಗೆ ಬಾ. ಪ್ರೀತಿಯಿಂದ ಬರಲಾಗದಿದ್ದರೆ ಬೈಯಲಿಕ್ಕಾದರೂ ಬಾ. ಬೆಳಿಗ್ಗೆ ಆರಕ್ಕೆ ನಾನೇ ನಿನ್ನ ಮಂಚದ ಹತ್ತಿರ ಬಂದು ನಿಲ್ಲುತ್ತೇನೆ.

ಇನ್ನೂ ಒಂದಿದೆ. ಆರು ಹತ್ತಕ್ಕೆ ನಾನು ನಿದ್ದೆಯಲ್ಲಿದ್ದೆ ಎಂದು ನೀನು ನನ್ನ ಪರವಾಗಿ ಅಂದುಕೊಂಡುಬಿಡುತ್ತೀ, ಅದಕ್ಕೆ ಬರೆಯುತ್ತೇನೆ. ನಾನು ಎದ್ದಿದ್ದೆ. ಡಬ್ಬಿಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕುಳಿತಿದ್ದೆ. ದೀಪ ಒಮ್ಮೆ ಮಿಟುಕಿತು. ಅಕ್ಕನಿಗೆ ರಿಂಗ್ ಹೋಯಿತು ಎಂದುಕೊಂಡು ಚಹಾ ಕುಡಿದೆ.